ತಾರಸಿಯಲ್ಲಿ ತರಕಾರಿ ಶುರು ಮಾಡುವವರಿಗೆ

ಎಲ್ಲರಿಗೂ ನಮಸ್ಕಾರ. ಮೊದಲ ಸಲವೇ ಹೂಕೋಸು, ಕ್ಯಾಪ್ಸಿಕಂಗೆ ಕೈ ಹಾಕಬೇಡಿ. ಮೆಂತ್ಯ ಸೊಪ್ಪಿನಿಂದ ಶುರು ಮಾಡಿ. ಅಡುಗೆಮನೆ ಡಬ್ಬದ ಮೆಂತ್ಯವೇ ಸಾಕು. ರಾತ್ರಿ ನೆನೆಹಾಕಿ, ಬೆಳಗ್ಗೆ ಕುಂಡದಲ್ಲಿ ಚೆಲ್ಲಿ, ಮೇಲೆ ತೆಳ್ಳಗೆ ಮಣ್ಣು ಉದುರಿಸಿ. 4-5 ದಿನಕ್ಕೆ ಮೊಳಕೆ ತಲೆ ಎತ್ತುತ್ತದೆ, 25-30 ದಿನಕ್ಕೆ ಕೊಯ್ಯಬಹುದು. ಕೊತ್ತಂಬರಿ ಬೀಜವನ್ನಾದರೆ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿಯೇ ಹಾಕಿ.

ಕುಂಡದ ತಳದಲ್ಲಿ ತೂತು ಇರಲೇಬೇಕು. ನನ್ನ ಎಷ್ಟೋ ಗಿಡ ಸತ್ತಿದ್ದು ನೀರು ಜಾಸ್ತಿಯಾಗಿ. ಬೆರಳನ್ನು ಒಂದು ಗೆಣ್ಣಿನಷ್ಟು ಮಣ್ಣಿಗೆ ಚುಚ್ಚಿ ನೋಡಿ. ತೇವ ಇದ್ದರೆ ಅವತ್ತು ನೀರು ಬೇಡ.

ಬೆಂಡೆಗೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ಒಳ್ಳೆಯ ತಳಿ. ಬಸಳೆ ಬೇಕಾದವರು ಭಾನುವಾರ ಬೆಳಗ್ಗೆ ನಮ್ಮ ಮನೆಗೆ ಬನ್ನಿ, ಕಡ್ಡಿ ಕತ್ತರಿಸಿ ಕೊಡುತ್ತೇನೆ.