ಸೂಕ್ಷ್ಮದರ್ಶಕಗಳನ್ನು ಸಾಗಿಸುವ ಮುನ್ನ

ಮಾನ್ಯ ಸಂಪಾದಕರೇ,

ಪ್ರಯೋಗಾಲಯಗಳನ್ನು ಹೊಸ ಕಟ್ಟಡಕ್ಕೆ ಸ್ಥಳಾಂತರಿಸುವಾಗ ಬೆಂಚು, ಬೀರುಗಳ ಜೊತೆಯಲ್ಲೇ ಸೂಕ್ಷ್ಮದರ್ಶಕಗಳನ್ನೂ ಲಾರಿಗೆ ಏರಿಸುವ ಅಭ್ಯಾಸ ಕೆಲವು ಕಾಲೇಜುಗಳಲ್ಲಿದೆ.

ಪ್ಯಾಕಿಂಗ್‌ಗಿಂತ ಮೊದಲು ಆಗಬೇಕಾದುದು ಶುಚಿಗೊಳಿಸುವ ಕೆಲಸ. ಮಸೂರದ ಮೇಲಿನ ದೂಳನ್ನು ರಬ್ಬರ್ ಬಲ್ಬಿನ ಗಾಳಿಯಿಂದ ಹಾರಿಸದೆ ನೇರವಾಗಿ ಒರೆಸಿದರೆ, ಅದರಲ್ಲಿರುವ ಗಟ್ಟಿ ಕಣಗಳೇ ಗಾಜಿನ ತೆಳು ಲೇಪವನ್ನು ಗೀರುತ್ತವೆ. ಕರವಸ್ತ್ರ, ಅಂಗಿಯ ಅಂಚು ಇದಕ್ಕೆ ಸಲ್ಲವು, ಲೆನ್ಸ್ ಪೇಪರೇ ಬೇಕು. ಸ್ಲೈಡಿನ ಕಡೆಗಿರುವ ವಸ್ತು ಮಸೂರಗಳಲ್ಲಿ 100 ಪಟ್ಟು ಹಿಗ್ಗಿಸುವಂಥದ್ದನ್ನು ಎಣ್ಣೆಯ ಹನಿಯೊಂದಿಗೆ ಬಳಸುತ್ತಾರೆ. ಅದರಲ್ಲಿ ಉಳಿದ ಎಣ್ಣೆ, ಅದರಲ್ಲೂ ಹಳೆಯ ಪ್ರಯೋಗಾಲಯಗಳ ಸೀಡರ್ ಎಣ್ಣೆ, ಒಣಗಿದರೆ ಅರಗಿನಂತೆ ಗಟ್ಟಿಯಾಗುತ್ತದೆ. ಅದನ್ನು ತೆಗೆಯುವ ದ್ರಾವಕವನ್ನು ಕಾಗದಕ್ಕೆ ತುಸು ಸೋಕಿಸಬೇಕೇ ಹೊರತು ಮಸೂರದ ಮೇಲೆ ಸುರಿಯಬಾರದು, ಏಕೆಂದರೆ ಒಳಗಿನ ಗಾಜುಗಳನ್ನು ಜೋಡಿಸಿದ ಅಂಟು ಸಡಿಲಗೊಳ್ಳಬಹುದು. ವಸ್ತು ಮಸೂರವನ್ನೇ ಬಿಚ್ಚಿ ಒಳಗೆಲ್ಲ ಒರೆಸುವ ಉತ್ಸಾಹಿಗಳೂ ಇದ್ದಾರೆ. ಅದು ತಂತ್ರಜ್ಞರಿಗೆ ಬಿಟ್ಟ ಕೆಲಸ.

ಬಳಿಕ ದೀಪ ಆರಿ ತಣಿದ ಮೇಲೆ ಸ್ಲೈಡ್ ಇಡುವ ವೇದಿಕೆಯನ್ನು ಇಳಿಸಿ, ಅತಿ ಕಡಿಮೆ ವರ್ಧನೆಯ ಮಸೂರವನ್ನು ಕೆಳಮುಖವಾಗಿ ನಿಲ್ಲಿಸಬೇಕು. ಎತ್ತುವಾಗ ಒಂದು ಕೈ ಸೂಕ್ಷ್ಮದರ್ಶಕದ ತೋಳಿನಲ್ಲಿ, ಇನ್ನೊಂದು ಬುಡದಡಿಯಲ್ಲಿ ಇರಬೇಕು. ಮಲೆನಾಡು, ಕರಾವಳಿಗಳಲ್ಲಿ ಪೆಟ್ಟಿಗೆಯೊಳಗೆ ತೇವ ಹೀರುವ, ಒಣಗಿಸಿದ ಸಿಲಿಕಾ ಜೆಲ್ ಹರಳುಗಳನ್ನು ಇಡುವುದು ಕಡ್ಡಾಯವೇ ಸರಿ. ತೇವದಲ್ಲಿ ಬೆಳೆಯುವ ಶಿಲೀಂಧ್ರ ಕಾಲಕ್ರಮೇಣ ಗಾಜನ್ನೇ ಕೊರೆಯುತ್ತದೆ, ಆ ಕಲೆ ಒರೆಸಿದರೂ ಹೋಗದು.

ಸ್ಥಳಾಂತರದ ಗುತ್ತಿಗೆ ನೀಡುವಾಗ ಇಂಥ ಉಪಕರಣಗಳನ್ನು ಪ್ರತ್ಯೇಕವಾಗಿ ಪಟ್ಟಿ ಮಾಡಿ, ಅವುಗಳ ಸಿದ್ಧತೆಯನ್ನು ವಿಭಾಗದ ಉಪನ್ಯಾಸಕರು ಮತ್ತು ಪ್ರಯೋಗಾಲಯ ಸಹಾಯಕರಿಗೇ ವಹಿಸುವಂತೆ ಶಿಕ್ಷಣ ಇಲಾಖೆ ಸುತ್ತೋಲೆ ಹೊರಡಿಸಬೇಕೆಂದು ಕೋರುತ್ತೇನೆ.

– ಜೀವವಿಜ್ಞಾನ ಉಪನ್ಯಾಸಕ, ಶಿವಮೊಗ್ಗ