ಬೇಲಿಯ ಕಡೆ ನೋಡಬೇಡ

ಪ್ರೀತಿಯ ಪುಟ್ಟೀ,

ಸೋಮವಾರದಿಂದ ಹಾರುವ ಪಾಠ ಶುರು ಅಂತ ನಿನ್ನೆ ಫೋನಿನಲ್ಲಿ ಹೇಳಿದೆ. ನಾನು "ಸರಿ, ಹುಷಾರು" ಅಂದು ಇಟ್ಟುಬಿಟ್ಟೆ. ನಲವತ್ತು ದಾಟಿದ ಮೇಲೆ ವಿಮಾನ ಕಲಿತವಳು ಮಗಳಿಗೆ ಹೇಳುವ ಮಾತು ಇಷ್ಟೇನಾ ಅಂತ ರಾತ್ರಿ ನಿದ್ದೆ ಬರಲಿಲ್ಲ. ಅದಕ್ಕೇ ಈ ಪತ್ರ.

ನಿನಗೆ ಒಂಬತ್ತು ವರ್ಷವಿದ್ದಾಗ ನಾನು ಕಲಿಯುತ್ತಿದ್ದ ಏರ್‌ಸ್ಟ್ರಿಪ್‌ಗೆ ಕರೆದುಕೊಂಡು ಹೋಗಿದ್ದೆ, ನೆನಪಿದೆಯಾ? ಗಾಜಿನ ಗೋಡೆ, ಉದ್ದನೆಯ ಕ್ಯೂ ಇರುತ್ತದೆ ಅಂದುಕೊಂಡು ಬಂದಿದ್ದೆ ನೀನು. ಅಲ್ಲಿ ಇದ್ದದ್ದು ಹುಲ್ಲಿನ ಬಯಲು, ಒಂದು ತಗಡಿನ ಶೆಡ್ಡು, ಕಂಬದ ತುದಿಯಲ್ಲಿ ಗಾಳಿಯ ದಿಕ್ಕು ತೋರಿಸುವ ಕಿತ್ತಳೆ ಬಣ್ಣದ ಬಟ್ಟೆ ಚೀಲ, ವಿಂಡ್‌ಸಾಕ್. "ಅಷ್ಟು ಮೇಲೆ ಯಾರಮ್ಮ ಕಾಲುಚೀಲ ಒಣಗಲು ಹಾಕಿದ್ದು?" ಅಂತ ಕೇಳಿ ನನ್ನ ಮೇಷ್ಟ್ರನ್ನು ನಗಿಸಿದ್ದೆ.

ಆ ಕಾಲುಚೀಲವೇ ಅಲ್ಲಿನ ಯಜಮಾನ. ದೊಡ್ಡ ನಿಲ್ದಾಣದಲ್ಲಾದರೆ ಯಾವ ರನ್‌ವೇ, ಯಾವಾಗ ಇಳಿಯಬೇಕು ಅಂತ ಟವರ್‌ನವರು ಹೇಳುತ್ತಾರೆ. ನೀನು ಸೇರಿರುವಂಥ ಚಿಕ್ಕ ಜಾಗದಲ್ಲಿ ಹೇಳುವವರಿಲ್ಲ. ಗಾಳಿ ಎತ್ತಣಿಂದ ಬೀಸುತ್ತಿದೆ ಅಂತ ನೀನೇ ನೋಡಿಕೊಂಡು ಅದಕ್ಕೆ ಎದುರಾಗಿ ಏರಬೇಕು, ಎದುರಾಗಿಯೇ ಇಳಿಯಬೇಕು. 55 ನಾಟ್ ವೇಗಕ್ಕೆ ಏಳುವ ವಿಮಾನಕ್ಕೆ ಎದುರಿನಿಂದ 10 ನಾಟ್ ಗಾಳಿ ಸಿಕ್ಕರೆ ನೆಲದ ಮೇಲೆ 45ರಲ್ಲಿ ಓಡಿದರೂ ಸಾಕು. ರನ್‌ವೇ ಮೇಲೆ ಬರೆದ ನಂಬರು ಕೂಡ ದಿಕ್ಕೇ. 09 ಅಂದರೆ ಸುಮಾರು 90 ಡಿಗ್ರಿ, ಪೂರ್ವಕ್ಕೆ ಮುಖ. ಅದೇ ಪಟ್ಟಿಯ ಆಚೆ ತುದಿಯಲ್ಲಿ 27 ಅಂತ ಇರುತ್ತದೆ, ಅಂದರೆ 270 ಡಿಗ್ರಿ, ಪಶ್ಚಿಮಕ್ಕೆ ಮುಖ. ನಾನು ಇಲ್ಲಿದ್ದೇನೆ, ಇಳಿಯಲು ಬರುತ್ತಿದ್ದೇನೆ ಅಂತ ರೇಡಿಯೋದಲ್ಲಿ ಹೇಳುತ್ತಿರು. ಆದರೆ ಉತ್ತರ ಬರಲಿಲ್ಲ ಅಂದಮಾತ್ರಕ್ಕೆ ಆಕಾಶ ಖಾಲಿ ಅಂದುಕೊಳ್ಳಬೇಡ. ಕೆಲವು ಹಳೇ ವಿಮಾನಗಳಲ್ಲಿ ರೇಡಿಯೋನೇ ಇರುವುದಿಲ್ಲ. ಕತ್ತು ತಿರುಗಿಸಿ ನೋಡು.

ಹಾರುವುದಕ್ಕೆ ಮುಂಚೆ ವಿಮಾನದ ಸುತ್ತ ಬಂದು ಮಾಡುವ ತಪಾಸಣೆ ನನಗೆ ಮೊದಲೆಲ್ಲ ಬೇಜಾರು. ನಾನು ಕಲಿತದ್ದು ಸೆಸ್ನಾ 172ರಲ್ಲಿ. 1955ರಲ್ಲಿ ಮೊದಲು ಹಾರಿದ ಮಾದರಿ ಅದು. ಜಗತ್ತಿನಲ್ಲಿ ಅದರಷ್ಟು ಸಂಖ್ಯೆಯಲ್ಲಿ ತಯಾರಾದ ವಿಮಾನ ಇನ್ನೊಂದಿಲ್ಲ. ಅಷ್ಟು ಜನ ಹಾರಿಸಿದ್ದಾರೆ, ಇದಕ್ಕೇನಾಗುತ್ತದೆ ಅನ್ನುವ ಧೈರ್ಯ ನನಗೆ. ಒಂದು ಬೆಳಗ್ಗೆ, ರಾತ್ರಿಯಿಡೀ ಮಳೆ ಹೊಡೆದ ಮೇಲೆ, ರೆಕ್ಕೆಯ ಅಡಿಯಿಂದ ಸಣ್ಣ ಪ್ಲಾಸ್ಟಿಕ್ ಲೋಟಕ್ಕೆ ಇಂಧನ ಬಸಿದೆ. ಅದರ ಬಣ್ಣ ತಿಳಿನೀಲಿ. ಆ ನೀಲಿಯ ತಳದಲ್ಲಿ ಗೋಲಿಯಷ್ಟು ನೀರು ಕೂತಿತ್ತು. ಮುಚ್ಚಳದ ಸಂದಿಯಿಂದ ಇಳಿದಿತ್ತು. ಅದು ಮೇಲೆ ಹೋದ ಮೇಲೆ ಇಂಜಿನ್‌ಗೆ ಸಿಕ್ಕಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿಯೇ ಬೆವರಿದೆ. ನೀರು ಒಂದು ಹನಿಯೂ ಬಾರದ ತನಕ ಬಸಿದೆವು. ಹಳ್ಳಿಗಾಡಿನ ಶೆಡ್ಡಿನಲ್ಲಿ ನಿಂತ ವಿಮಾನಕ್ಕೆ ಬಾಡಿಗೆದಾರರೂ ಜಾಸ್ತಿ. ಇಂಜಿನ್ ಪಕ್ಕ ಹಕ್ಕಿ ಗೂಡು ಕಟ್ಟುತ್ತದೆ. ವೇಗ ತೋರಿಸುವ ಮೀಟರಿಗೆ ಗಾಳಿ ಹೋಗುವ ಕೊಳವೆಯಲ್ಲಿ ಕಣಜ ಮಣ್ಣು ಮೆತ್ತುತ್ತದೆ. ಇನ್ನೊಂದು ಮಾತು, ಪ್ರೊಪೆಲ್ಲರ್ ಸುಮ್ನೆ ನಿಂತಿದೆ ಅಂತ ಮುಟ್ಟಬೇಡ. ಇಂಜಿನ್‌ಗೆ ಕಿಡಿ ಕೊಡುವ ಮ್ಯಾಗ್ನೆಟೋಗೆ ಬ್ಯಾಟರಿಯ ಹಂಗಿಲ್ಲ, ಪ್ರೊಪೆಲ್ಲರ್ ತಿರುಗಿದರೆ ಕಿಡಿ ಹಾರಬಹುದು.

ಸ್ಟಾಲ್ ಕಲಿಸುವ ದಿನ ಹೊಟ್ಟೆಯಲ್ಲಿ ಕಲಕುತ್ತದೆ, ಎಲ್ಲರಿಗೂ ಹಾಗೇ. ಇಂಜಿನ್ ನಿಲ್ಲುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಮೂತಿಯನ್ನು ಅತಿಯಾಗಿ ಎತ್ತಿ, ರೆಕ್ಕೆ ಎದುರುಗಾಳಿಗೆ ಸುಮಾರು 15 ಡಿಗ್ರಿಗಿಂತ ಹೆಚ್ಚು ಓರೆಯಾದರೆ ಮೇಲ್ಭಾಗದ ಗಾಳಿ ರೆಕ್ಕೆಯನ್ನು ಬಿಟ್ಟು ಚದುರುತ್ತದೆ, ಎತ್ತುವ ಬಲ ಕುಸಿಯುತ್ತದೆ. ಹಾರ್ನ್ ಕೂಗುತ್ತದೆ, ವಿಮಾನ ನಡುಗುತ್ತದೆ. ಆಗ ಕೈ ತಾನಾಗಿ ಹಿಂದಕ್ಕೆ ಎಳೆಯಲು ಹೋಗುತ್ತದೆ. ಎಳೆಯಬಾರದು. ಬೀಳುತ್ತಿರುವಾಗ ಮೂತಿಯನ್ನು ಕೆಳಗೆ ಬಿಡುವುದು ನನ್ನ ಕೈಗೆ ಬರಲು ಎರಡು ವಾರ ಹಿಡಿಯಿತು.

ಈಗ ನಿನಗೆ ಇಷ್ಟು ವರ್ಷ ಹೇಳದ ಒಂದು ವಿಷಯ. ಅವತ್ತು ನೀನು ಬೇಲಿಯ ಹತ್ತಿರ ನಿಂತಿದ್ದೆ. ನಾನು ಇಳಿಯಲು ಬರುತ್ತಿದ್ದೆ. ನೆಲ ಹತ್ತಿರವಾದಾಗ ಕಣ್ಣು ರನ್‌ವೇಯ ಕೊನೆಯ ಮೇಲಿರಬೇಕು. ಎಷ್ಟು ಎತ್ತರದಲ್ಲಿದ್ದೇವೆ ಅನ್ನುವ ಅಂದಾಜು ಸಿಗುವುದು ಅದರಿಂದಲೇ. ನಾನು ನೀನೆಲ್ಲಿದ್ದೀಯ ಅಂತ ಹುಡುಕಿದೆ. ಒಂದೇ ಕ್ಷಣ, ನಿನ್ನ ಕೆಂಪು ಫ್ರಾಕ್ ಕಾಣಿಸಿತು. ಕಣ್ಣು ವಾಪಸ್ ತರುವಷ್ಟರಲ್ಲಿ ನೆಲ ಮುಖಕ್ಕೇ ಬಂದ ಹಾಗಾಯಿತು. ಗಾಬರಿಯಲ್ಲಿ ಎಳೆದೆ, ವಿಮಾನ ಮತ್ತೆ ಮೇಲೆದ್ದಿತು. ಸರಿ ಮಾಡಲು ಹೋಗಿ ಮುಂದಕ್ಕೆ ತಳ್ಳಿದೆ, ಮುಂದಿನ ಚಕ್ರ ಮೊದಲು ನೆಲಕ್ಕೆ ಬಡಿದು ಪುಟಿಯಿತು. ಮೇಷ್ಟ್ರು ಏನೂ ಮಾತಾಡದೆ ಕಂಟ್ರೋಲ್ ತೆಗೆದುಕೊಂಡು, ಪೂರ್ತಿ ಪವರ್ ಕೊಟ್ಟು ಮೇಲೆ ಹತ್ತಿಸಿದರು. ಕೆಳಗೆ ನೀನು ಚಪ್ಪಾಳೆ ತಟ್ಟುತ್ತಿದ್ದೆ. ಆಮೇಲೆ ಕಾರಿನಲ್ಲಿ "ಅಮ್ಮ, ವಿಮಾನ ಕುಪ್ಪಳಿಸಿತು, ಸೂಪರ್!" ಅಂದೆ. ನನಗೆ ಅಳು ಬರುವ ಹಾಗಿತ್ತು. ನಕ್ಕೆ.

ಹಾಗೆ ಮತ್ತೆ ಮೇಲೇರುವುದಕ್ಕೆ ಗೋ-ಅರೌಂಡ್ ಅನ್ನುತ್ತಾರೆ. ಆಗ ನನಗದು ಫೇಲ್ ಆದ ಹಾಗೆ ಕಂಡಿತು. ಈಗ ಬೆಂಚಿನ ಮೇಲೆ ಕೂತು ಬೇರೆಯವರು ಇಳಿಯುವುದನ್ನು ನೋಡುವಾಗ, ಯಾಕೋ ಸರಿಯಿಲ್ಲ ಅನ್ನಿಸಿದ ತಕ್ಷಣ ಪವರ್ ಕೊಟ್ಟು ಏಳುವವರೇ ನನಗೆ ಇಷ್ಟ. ಹೇಗಾದರೂ ಇಳಿಸಿಯೇ ತೀರುತ್ತೇನೆ ಅನ್ನುವವರ ಪಕ್ಕ ನಾನು ಕೂರುವುದಿಲ್ಲ.

ಲೈಸೆನ್ಸಿಗೆ ಸಾಮಾನ್ಯವಾಗಿ ಕೇಳುವುದು ಕನಿಷ್ಠ 40 ಗಂಟೆ. ಜಾಸ್ತಿ ಹಿಡಿದರೆ ಹಿಡಿಯಲಿ, ಗೆಳತಿಯರದ್ದು ಎಣಿಸಬೇಡ.

ನಿನ್ನ ಸೋಲೋ ದಿನ ಪಕ್ಕದ ಸೀಟು ಖಾಲಿ ಇರುತ್ತದೆ. ಮೇಷ್ಟ್ರ ಭಾರ ಇಲ್ಲದ ವಿಮಾನ ಅಂದುಕೊಂಡದ್ದಕ್ಕಿಂತ ಬೇಗ ಮೇಲೇರುತ್ತದೆ, ಬೆಚ್ಚಬೇಡ. ಅವತ್ತು ನಾನು ಬರುತ್ತೇನೆ. ಅಲ್ಲಿಯೂ ಒಂದು ಬೇಲಿ ಇದ್ದೇ ಇರುತ್ತದೆ, ಅಲ್ವಾ? ಮೇಲಿಂದ ನನ್ನನ್ನು ಹುಡುಕಬೇಡ, ಕೈ ಬೀಸಬೇಡ. ಇಂಜಿನ್ ಆಫ್ ಮಾಡು. ಪ್ರೊಪೆಲ್ಲರ್ ಪೂರ್ತಿ ನಿಂತ ಮೇಲೆ ನಾನೇ ಬರುತ್ತೇನೆ.

ಇಂತಿ,
ಅಮ್ಮ