ಬತ್ತಿಯ ಖರ್ಚು ಯಾರ ಖಾತೆಗೆ?

ಪ್ರಿಯ ಯುವಮಿತ್ರರೇ,

ನಿಮ್ಮ ಹಸ್ತಪ್ರತಿಯನ್ನೂ ಅದರೊಳಗೆ ಇಟ್ಟಿದ್ದ ಚೀಟಿಯನ್ನೂ ಓದಿದೆ. ಹದಿನೆಂಟನೇ ಶತಮಾನದ ಉತ್ತರ ಇಂಗ್ಲೆಂಡಿನ ಸೀಸದ ಗಣಿ ಕಟ್ಟಿಕೊಂಡು ಕನ್ನಡದ ಓದುಗನಿಗೇನು ಎಂದು ಪ್ರಕಾಶಕರು ಕೇಳಿದರಂತೆ. ಅದಕ್ಕೇ ಬರೆಯುವುದನ್ನು ಬಿಟ್ಟುಬಿಡುತ್ತೇನೆ ಎಂದಿದ್ದೀರಿ. ಬಿಡಬೇಡಿ. ಆ ಪ್ರಶ್ನೆಗೆ ಉತ್ತರ ಹುಡುಕುತ್ತಲೂ ಕೂರಬೇಡಿ. ಅಧ್ಯಾಯ ಎಷ್ಟುದ್ದ ಇರಬೇಕು, ಸಂಭಾಷಣೆ ಯಾವ ಸೀಮೆಯ ಮಾತಿನಲ್ಲಿರಬೇಕು, ಕಾಗುಣಿತ ಎಲ್ಲಿ ತಪ್ಪಿದೆ ಎಂಬುದನ್ನೆಲ್ಲ ಯಾರಾದರೂ ಹೇಳಿಕೊಡುತ್ತಾರೆ. ನನ್ನ ತಕರಾರು ಒಂದೇ.

ನಿಮ್ಮ ನಾಯಕ ಸರ್ ವಾಲ್ಟರ್ ಬ್ಲ್ಯಾಕೆಟ್‌ನ ಗಣಿಗಳ ಪಾರುಪತ್ತೇಗಾರ. ಅಲೆನ್‌ಡೇಲ್ ಕಣಿವೆಯ ಮಂಜು ನೋಡುತ್ತಾನೆ, ನಿಟ್ಟುಸಿರು ಬಿಡುತ್ತಾನೆ, ಗಣಿಯವರ ಹೆಂಡಿರ ಕಣ್ಣೀರಿಗೆ ಕರಗುತ್ತಾನೆ. ಇಡೀ ಕಾದಂಬರಿಯಲ್ಲಿ ಒಂದು ಸಲವೂ ಲೆಕ್ಕ ಬರೆಯುವುದಿಲ್ಲ! ಪಾರುಪತ್ತೇಗಾರನ ಬದುಕೆಂದರೆ ಕಿರ್ದಿ ಮತ್ತು ಪತ್ರದ ಪುಸ್ತಕ. ಯಾವ ಘಟನೆ ನಡೆದರೂ ಅವನ ಮನಸ್ಸಿಗೆ ಮೊದಲು ಬರುವ ಪ್ರಶ್ನೆ, ಇದು ಯಾರ ಖಾತೆಗೆ? ನೀವು ಆ ಪ್ರಶ್ನೆಯನ್ನು ಎಲ್ಲಿಯೂ ಕೇಳಿಲ್ಲ. ಹಾಗಾಗಿ ಅವನ ಕರುಣೆಯೂ ಪುಕ್ಕಟೆಯಾಗಿಬಿಟ್ಟಿದೆ.

ನಾಲ್ಕನೇ ಅಧ್ಯಾಯದಲ್ಲಿ ಶನಿವಾರ ಸಂಜೆ ಮೇಜಿನ ಮೇಲೆ ನಾಣ್ಯ ಸುರಿದು ವಾರದ ಕೂಲಿ ಬಟವಾಡೆ ಮಾಡಿಸಿದ್ದೀರಿ. ಅಲ್ಲಿ ಅದಿರು ತೆಗೆಯುವವನಿಗೆ ವಾರದ ಕೂಲಿ ಎಂಬುದಿರಲಿಲ್ಲ. ನಾಲ್ಕಾರು ಜನ ಸೇರಿ ಪಾಲುದಾರಿಕೆ ಮಾಡಿಕೊಂಡು ಬಂಡೆಯ ನಡುವೆ ಹಾಯುವ ಸೀಸದ ಅದಿರಿನ ಎಳೆಯ ಇಂತಿಷ್ಟು ಉದ್ದವನ್ನು ಸಾಮಾನ್ಯವಾಗಿ ಮೂರು ತಿಂಗಳಿಗೆ ಗುತ್ತಿಗೆ ಹಿಡಿಯುತ್ತಿದ್ದರು. ಅದಕ್ಕೆ ಅಲ್ಲಿಯವರು ‘ಬಾರ್ಗೇನ್’ ಅನ್ನುತ್ತಿದ್ದರು. ದರ ಬಿಂಗ್ ಲೆಕ್ಕದಲ್ಲಿ. ಒಂದು ಬಿಂಗ್ ಎಂದರೆ ತೊಳೆದು ಹಸನು ಮಾಡಿದ 8 ಹಂಡ್ರೆಡ್‌ವೇಟ್ ಅದಿರು, ನಮ್ಮ ಲೆಕ್ಕದಲ್ಲಿ ಸುಮಾರು 406 ಕಿಲೊ, ಅಂದರೆ ನಾಲ್ಕು ಕುದುರೆ ಹೇರು. ಕೊಬ್ಬಿನ ಮೇಣದಬತ್ತಿ, ಸಿಡಿಮದ್ದು, ಉಳಿ ಹದ ಮಾಡುವ ಕಮ್ಮಾರನ ಕೂಲಿ, ಅದಿರು ತೊಳೆಯುವ ಹುಡುಗರ ಕೂಲಿ, ಇಷ್ಟೂ ಪಾಲುದಾರರ ಖಾತೆಗೆ. ಲೆಕ್ಕ ಚುಕ್ತಾ ಆಗುವುದು ವರ್ಷಕ್ಕೊಮ್ಮೆ. ಅಲ್ಲಿಯವರೆಗೆ ಹೊಟ್ಟೆಪಾಡಿಗೆ ತಿಂಗಳ ಮುಂಗಡ.

ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ಅಂಕಿಗಳು ನಾನು ಕಲ್ಪಿಸಿದ್ದು, ರೀತಿ ಮಾತ್ರ ಅವರದೇ. (ಆಗ 12 ಪೆನ್ಸಿಗೆ ಒಂದು ಶಿಲ್ಲಿಂಗ್, 20 ಶಿಲ್ಲಿಂಗಿಗೆ ಒಂದು ಪೌಂಡ್.) ನಾಲ್ವರು ಬಿಂಗಿಗೆ 30 ಶಿಲ್ಲಿಂಗಿನಂತೆ ಹಿಡಿದು ಮೂರು ತಿಂಗಳಲ್ಲಿ 30 ಬಿಂಗ್ ತೆಗೆದರು ಅನ್ನಿ. 900 ಶಿಲ್ಲಿಂಗ್, ಅಂದರೆ 45 ಪೌಂಡ್. ಬತ್ತಿ, ಮದ್ದು, ಕಮ್ಮಾರ, ತೊಳೆತ ಸೇರಿ 11 ಪೌಂಡ್ ಕಳೆದರೆ ತಲೆಗೆ 8 ಪೌಂಡ್ 10 ಶಿಲ್ಲಿಂಗ್. ತಿಂಗಳಿಗೆ ಒಂದೂವರೆ ಪೌಂಡಿನಂತೆ ಮುಂಗಡ ಪಡೆದಿದ್ದರೆ ಅವನ ಖಾತೆಯಲ್ಲಿ 4 ಪೌಂಡ್ ಉಳಿಯಿತು. ಎಳೆ ಬಡವಾಗಿ 15 ಬಿಂಗ್ ಮಾತ್ರ ಸಿಕ್ಕಿತೆನ್ನಿ. ದುಡಿಮೆ 22 ಪೌಂಡ್ 10 ಶಿಲ್ಲಿಂಗಿಗೆ ಇಳಿಯಿತು. ಖರ್ಚು ಹಾಗೆ ಅರ್ಧಕ್ಕಿಳಿಯುವುದಿಲ್ಲ. ತೊಳೆಯುವ ಕೂಲಿ ಕಡಿಮೆಯಾದೀತು, ಆದರೆ ಕತ್ತಲೆ ಅಷ್ಟೇ ಇತ್ತಲ್ಲ, ಬತ್ತಿ ಅಷ್ಟೇ ಉರಿಯಿತು. 9 ಪೌಂಡ್ ಕಳೆದರೆ ತಲೆಗೆ 3 ಪೌಂಡ್ 7 ಶಿಲ್ಲಿಂಗ್ 6 ಪೆನ್ಸ್. ಪಡೆದ ಮುಂಗಡ ಆಗಲೇ 4 ಪೌಂಡ್ 10 ಶಿಲ್ಲಿಂಗ್. ಮೈಮುರಿದು ದುಡಿದವನು 1 ಪೌಂಡ್ 2 ಶಿಲ್ಲಿಂಗ್ 6 ಪೆನ್ಸ್ ಸಾಲಗಾರನಾದ. ಸಾಲ ಮುಂದಿನ ಪುಸ್ತಕಕ್ಕೆ ಹೋಯಿತು. ಮುಂಗಡ ನಿಲ್ಲಿಸಿದರೆ ಆತ ಪಕ್ಕದ ಕಣಿವೆಗೆ ಹೊರಟುಹೋಗುತ್ತಾನೆ, ಸಾಲ ಮುಳುಗಿತು. ಕೊಡುತ್ತ ಹೋದರೆ ಸಾಲ ಬೆಳೆಯಿತು. ಕೊಟ್ಟವನು ಕೋಡಂಗಿ, ಇಸಕೊಂಡವನು ವೀರಭದ್ರ ಎಂದು ಪಾರುಪತ್ತೇಗಾರನಿಗೂ ಅನ್ನಿಸಿರಬೇಕು. ನಿಮ್ಮ ಕಣ್ಣೀರಿನ ಆರು ಪುಟಗಳಲ್ಲಿ ಇಲ್ಲದ ಸಂಕಟ ಈ ಕೂಡಿ ಕಳೆದದ್ದರಲ್ಲಿದೆ.

ಗುತ್ತಿಗೆಯ ದಿನವನ್ನು ನೀವು ಬರೆದೇ ಇಲ್ಲ. ಇಡೀ ಕಾದಂಬರಿಯ ಜೀವ ಅಲ್ಲಿತ್ತು. ಎಳೆ ಶ್ರೀಮಂತವಾಗಿ ಕಂಡರೆ ಪಾರುಪತ್ತೇಗಾರ ಬಿಂಗಿನ ದರ ಇಳಿಸುತ್ತಾನೆ, ಬಡವಾಗಿ ಕಂಡರೆ ಏರಿಸುತ್ತಾನೆ. ಇದು ಗಣಿಯವರಿಗೂ ಗೊತ್ತು. ಆದ್ದರಿಂದ ಒಳ್ಳೆಯ ಅದಿರಿನ ಮುಖಕ್ಕೆ ಕಲ್ಲುಮಣ್ಣು ಒತ್ತರಿಸಿ, ಇನ್ನು ಇದರಲ್ಲಿ ಏನೂ ಇಲ್ಲ ಎಂಬಂತೆ ನಿಲ್ಲುವುದರಲ್ಲಿ ಅವರಿಗೆ ಲಾಭ. ಅದನ್ನು ಅಗೆಸಿ ನೋಡುವುದರಲ್ಲಿ ಇವನಿಗೆ ಲಾಭ. ತನ್ನ ನೆಂಟನ ಪಾಲುದಾರಿಕೆ ಬಂದಾಗ ಅಗೆಸದೆ ಸುಮ್ಮನಿರುವುದರಲ್ಲೂ ಇವನಿಗೆ ಲಾಭವಿತ್ತು. ನಿಮ್ಮ ನಾಯಕನಿಗೆ ಒಬ್ಬ ಭಾವಮೈದುನ ಇದ್ದಾನೆ. ಅವನನ್ನು ಬರೀ ಪಿಟೀಲು ಬಾರಿಸುವುದಕ್ಕೆ ಇಟ್ಟುಕೊಂಡಿದ್ದೀರಲ್ಲ, ಮಾರಾಯರೇ!

ಎಲ್ಲ ಕೆಲಸವೂ ಬಿಂಗಿನ ಲೆಕ್ಕದಲ್ಲಿರಲಿಲ್ಲ. ನೀರು ಬಸಿಯಲು, ಕುದುರೆ ಓಡಾಡಲು ಬರಿ ಕಲ್ಲಿನಲ್ಲಿ ಕೊರೆಯುವ ಸುರಂಗದಿಂದ ಅದಿರು ಬರುವುದಿಲ್ಲ. ಅದಕ್ಕೆ ಫ್ಯಾದಮ್ ಲೆಕ್ಕ, ಅಂದರೆ ಆರು ಅಡಿಗೆ ಇಷ್ಟು. ಆ ಖರ್ಚು ಧಣಿಯ ಖಾತೆಗೆ. ಕೋಲ್‌ಕ್ಲೂಫ್ ಗಣಿಯ ನೀರೆತ್ತಲು ನೀವು ಉಗಿಯಂತ್ರ ಹೂಡಿದ್ದೀರಿ. ಅಲ್ಲಿ 1765ರಲ್ಲಿ ವಿಲಿಯಂ ವೆಸ್ಟ್‌ಗಾರ್ತ್ ನಿಲ್ಲಿಸಿದ್ದು ನೀರೊತ್ತಡದ ಯಂತ್ರ. ಎತ್ತರದಿಂದ ಕೊಳವೆಯಲ್ಲಿ ಇಳಿಯುವ ನೀರಿನ ಭಾರವೇ ಕೊಂತವನ್ನು, ಅಂದರೆ ಪಿಸ್ಟನ್ನನ್ನು, ಆಡಿಸುತ್ತದೆ. ಆ ಎತ್ತರಕ್ಕೆ ಕಲ್ಲಿದ್ದಲನ್ನು ಕುದುರೆ ಹೇರಿನಲ್ಲಿ ಸಾಗಿಸಿ ಉಗಿ ಮಾಡುವುದಕ್ಕೂ ಗುಡ್ಡದ ನೀರನ್ನೇ ದುಡಿಸುವುದಕ್ಕೂ ಇರುವ ವ್ಯತ್ಯಾಸ ಖರ್ಚಿನದು.

ತೊಳೆಯುವ ಕೆಲಸಕ್ಕೆ ಒಂದು ಸಾಲು ಕೊಟ್ಟಿದ್ದೀರಿ. ಗಣಿಯಿಂದ ಬಂದ ಕಲ್ಲುಮಿಶ್ರಿತ ಸರಕನ್ನು ಪ್ರತಿ ಪಾಲುದಾರಿಕೆಗೂ ಬೇರೆ ಬೇರೆ ಗೂಡಿನಲ್ಲಿ ಸುರಿಯುತ್ತಾರೆ. ಗೂಡು ಬೆರೆತರೆ ಲೆಕ್ಕ ಬೆರೆಯಿತು, ಜಗಳ ಶುರುವಾಯಿತು. ಚಪ್ಪಟೆ ಕಬ್ಬಿಣದ ಸುತ್ತಿಗೆಯಲ್ಲಿ ಒಡೆದು, ನೀರಿನ ತೊಟ್ಟಿಯಲ್ಲಿ ಜರಡಿಯನ್ನು ಮೇಲೆ ಕೆಳಗೆ ಕುಲುಕುತ್ತಾರೆ. ಸೀಸದ ಅದಿರು ನೀರಿಗಿಂತ ಏಳೂವರೆ ಪಟ್ಟು ಭಾರ, ಬೆಣಚು ಎರಡೂವರೆ ಪಟ್ಟಿಗಿಂತ ತುಸು ಹೆಚ್ಚು. ಅದಿರು ತಳಕ್ಕಿಳಿಯುತ್ತದೆ, ಕಲ್ಲು ಮೇಲೆ ನಿಲ್ಲುತ್ತದೆ, ಮೇಲಿನದನ್ನು ಕೆರೆದು ಎಸೆಯುತ್ತಾರೆ. ನುಣ್ಣನೆಯದನ್ನು ಕಾಲುವೆಯಂಥ ಇಳಿಜಾರು ತೊಟ್ಟಿಯಲ್ಲಿ ಹರಿಯುವ ನೀರಿಗೆ ಒಡ್ಡುತ್ತಾರೆ. ಅವಸರ ಮಾಡಿದರೆ ಅದಿರಿನಲ್ಲಿ ಕಲ್ಲು ಉಳಿಯುತ್ತದೆ. ಅತಿ ಮಾಡಿದರೆ ಸೀಸದ ಪುಡಿ ಹಳ್ಳದ ಪಾಲು. ಒದ್ದೆಯಲ್ಲೇ ತೂಗಿದರೆ ನೀರಿಗೂ ದುಡ್ಡು ಕೊಟ್ಟಂತೆ. ಕಲ್ಲು ಉಳಿದ ಅದಿರು ಡ್ಯೂಕ್ಸ್‌ಫೀಲ್ಡ್‌ನ ಕರಗಿಸುವ ಗಿರಣಿಗೆ ಹೋದರೆ ಅಲ್ಲಿಯ ಗುಮಾಸ್ತ ಸುಮ್ಮನಿರುವುದಿಲ್ಲ, ಏಕೆಂದರೆ ಸೀಸ ಕಡಿಮೆ ಇಳಿದದ್ದು ಅವನ ತಪ್ಪಾಗಿ ಕಾಣುತ್ತದೆ. ಅವನು ಗಣಿಯವನ ಮೇಲೆ ಬರೆಯುತ್ತಾನೆ, ಗಣಿಯವನು ಗಿರಣಿಯವನ ಮೇಲೆ. ಖಳನಾಯಕ ಬೇಕೆಂದು ಲಂಡನ್ನಿನಿಂದ ಒಬ್ಬನನ್ನು ಕರೆಸಿದ್ದೀರಿ, ಅವನನ್ನು ವಾಪಸ್ ಕಳಿಸಿ. ಇವರಿಬ್ಬರು ಸಾಕು.

ಕರಗಿಸುವ ಕುಲುಮೆಯನ್ನು ಬೆಂಕಿಯ ಬೆಟ್ಟದಂತೆ ವರ್ಣಿಸಿದ್ದೀರಿ. ಅದರ ಒಳಗು ಹೆಚ್ಚುಕಡಿಮೆ ಎರಡು ಅಡಿ ಚೌಕ. ನೀರಿನ ಚಕ್ರದಿಂದ ಆಡುವ ತಿದಿ, ಉರುವಲಿಗೆ ಮುಖ್ಯವಾಗಿ ಪೀಟ್, ಅಂದರೆ ಜವುಗು ನೆಲದಿಂದ ಕಡಿದು ಒಣಗಿಸಿದ ಹೆಂಟೆ, ಜೊತೆಗೆ ಸ್ವಲ್ಪ ಕಲ್ಲಿದ್ದಲು. ಶಾಖ ಹೆಚ್ಚಾದರೆ ಅದಿರು ಸೀಸವನ್ನು ಸರಿಯಾಗಿ ಬಿಡದೆ ಅಂಟಂಟಾಗುತ್ತದೆ, ಕುಲುಮೆಯನ್ನು ನಿಲ್ಲಿಸಿ ಆರಿಸಬೇಕು. ಹನ್ನೆರಡರಿಂದ ಹದಿನೈದು ತಾಸಿನ ಪಾಳಿ ಮುಗಿಸಿ ತಣಿಯಲು ಬಿಡುತ್ತಿದ್ದುದು ಅದಕ್ಕೇ. ಕಿಟ್ಟವನ್ನು ಬೇರೊಂದು ಕುಲುಮೆಯಲ್ಲಿ ಮತ್ತೆ ಕರಗಿಸಿದರೆ ಬರುವ ಸೀಸ ಕೆಳದರ್ಜೆಯದು, ಅದರ ಬೆಲೆಯೂ ಬೇರೆ. ಒಳ್ಳೆಯ ಅದಿರು ನಾಲ್ಕು ಬಿಂಗ್ ಸುಟ್ಟರೆ ಸುಮಾರು ಒಂದು ಫೋದರ್ ಸೀಸ. ಫೋದರ್ ಎಂದರೆ ನ್ಯೂಕ್ಯಾಸಲ್‌ನಲ್ಲಿ 21 ಹಂಡ್ರೆಡ್‌ವೇಟ್, ಲಂಡನ್ನಿನಲ್ಲಿ ಹತ್ತೊಂಬತ್ತೂವರೆ. ನಿಮ್ಮ ನಾಯಕ ನ್ಯೂಕ್ಯಾಸಲ್ ತೂಕದ ದರಕ್ಕೆ ಲಂಡನ್ ತೂಕ ಕೊಟ್ಟಿದ್ದಾನೆ. ಫೋದರಿಗೆ 76 ಕಿಲೊ ಹಗಲುದರೋಡೆ, ಅವನಿಗೂ ತಿಳಿಯದಂತೆ, ನಿಮಗೂ ತಿಳಿಯದಂತೆ.

ಬೆಳ್ಳಿಯನ್ನು ಬೇಗ ಮುಗಿಸುತ್ತೇನೆ. ಸೀಸದಲ್ಲಿ ಬೆಳ್ಳಿ ಸಾಕಷ್ಟಿದ್ದರೆ ಮಾತ್ರ ಮೂಳೆಬೂದಿಯ ತಟ್ಟೆಯಲ್ಲಿ ಕಾಯಿಸಿ ಬೇರ್ಪಡಿಸುತ್ತಿದ್ದರು. ಟನ್ನಿಗೆ ಎಂಟು ಔನ್ಸಿನ ಆಸುಪಾಸಿಗಿಂತ ಕಡಿಮೆಯಿದ್ದರೆ ಉರುವಲಿನ ಖರ್ಚೂ ಸೀಸದ ನಷ್ಟವೂ ಬೆಳ್ಳಿಯನ್ನು ನುಂಗಿಬಿಡುತ್ತವೆ.

ಇನ್ನು ಒಂದು ಮಾತು ‘ನಮ್ಮ ಅದಿರು’ ಎಂದು ನಾಯಕ ಎದೆಯುಬ್ಬಿಸುವ ಕಡೆಯ ಬಗ್ಗೆ. ಯಾವ ಕಣಿವೆಯಲ್ಲಿ ನಿಂತು ಹೇಳುತ್ತಿದ್ದಾನೆ? ಅಲೆನ್‌ಡೇಲ್ ಬ್ಲ್ಯಾಕೆಟ್ ಮನೆತನದ ಸ್ವಂತದ್ದು. ಗುಡ್ಡ ದಾಟಿ ವೇರ್‌ಡೇಲ್‌ಗೆ ಇಳಿದರೆ ನೆಲ ಡರ್ಹಮ್ ಬಿಷಪ್ಪನದು. ಒಂಬತ್ತರಲ್ಲಿ ಒಂದು ಪಾಲು ಬಿಷಪ್ಪನಿಗೆ, ಹತ್ತರಲ್ಲಿ ಒಂದು ಸ್ಟ್ಯಾನ್‌ಹೋಪ್‌ನ ಪಾದ್ರಿಗೆ. ಪಶ್ಚಿಮಕ್ಕೆ ಆಲ್‌ಸ್ಟನ್ ಮೂರ್‌ಗೆ ಹೋದರೆ ಐದರಲ್ಲಿ ಒಂದು ಪಾಲು ಗ್ರೀನಿಚ್ ಆಸ್ಪತ್ರೆಗೆ. ರಾಜನ ವಿರುದ್ಧ ಎದ್ದ 1715ರ ದಂಗೆಯಲ್ಲಿ ಸೇರಿದ ಡರ್ವೆಂಟ್‌ವಾಟರ್ ಅರ್ಲ್‌ನ ತಲೆ ಹೋಯಿತು, ಜಹಗೀರು ಮುಟ್ಟುಗೋಲಾಯಿತು, 1735ರಲ್ಲಿ ನಾವಿಕರ ಆ ಆಸ್ಪತ್ರೆಗೆ ಸೇರಿತು. ನಿಮ್ಮ ಕಥೆಯ ಹೊತ್ತಿಗೆ ಆಸ್ಪತ್ರೆಯ ಪರವಾಗಿ ಆ ಜಹಗೀರು ನೋಡಿಕೊಳ್ಳುತ್ತಿದ್ದ ಇಬ್ಬರಲ್ಲಿ ಒಬ್ಬ ಎಂಜಿನಿಯರ್ ಜಾನ್ ಸ್ಮೀಟನ್. (ಅವನು ಹೆಕ್ಸಮ್‌ನಲ್ಲಿ ಕಟ್ಟಿದ ಸೇತುವೆ 1782ರಲ್ಲಿ ಪ್ರವಾಹಕ್ಕೆ ಸಿಕ್ಕಿ ಬಿತ್ತು. ನಿಮ್ಮ ಕಥೆಗೆ ಬೇಡ, ನನಗೆ ಇಂಥವು ಇಷ್ಟ.) ಒಂದೇ ಗುಡ್ಡದ ಸೀಸಕ್ಕೆ ಮೂರು ಬಗೆಯ ಒಡೆತನ. ಪಾರುಪತ್ತೇಗಾರ ಮಾತಾಡುವಾಗ ಇದು ಮಾತಿನಲ್ಲಿ ಬಂದೇ ಬರುತ್ತದೆ.

ಸೇತುವೆ ಅಂದಾಗ ನೆನಪಾಯಿತು. 1771ರ ಡಿಸೆಂಬರಿನಲ್ಲಿ ನಾಯಕ ನ್ಯೂಕ್ಯಾಸಲ್‌ನ ಟೈನ್ ಸೇತುವೆಯ ಮೇಲೆ ನಿಂತು ಪ್ರೇಯಸಿಯ ಕಾಗದ ಹರಿದೆಸೆಯುತ್ತಾನೆ. ಆ ವರ್ಷ ನವೆಂಬರ್ 17ರ ಬೆಳಗಿನ ಜಾವದ ಪ್ರವಾಹದಲ್ಲಿ ಆ ಸೇತುವೆ ಕೊಚ್ಚಿಹೋಗಿತ್ತು. ಟೈನ್ ನದಿಯಲ್ಲಿ ಉಳಿದದ್ದು ಕಾರ್ಬ್ರಿಜ್‌ನ ಸೇತುವೆ. ಇದನ್ನು ಬರೀ ತಪ್ಪೆಂದು ತಿದ್ದಿ ಕೈತೊಳೆದುಕೊಳ್ಳಬೇಡಿ. ಡ್ಯೂಕ್ಸ್‌ಫೀಲ್ಡ್‌ನಿಂದ ಸೀಸ ಹೊತ್ತ ಕುದುರೆಗಳು ಬ್ಲೇಡನ್‌ಗೆ ಹೋಗುತ್ತಿದ್ದವು. ಎರಡೂ ಟೈನ್‌ನ ದಕ್ಷಿಣ ದಡದ ಕಡೆಗೇ ಇವೆ. ಅಲ್ಲಿಂದ ಮುಂದೆ ದೋಣಿ. ಹಾಗಾದರೆ ಸೇತುವೆ ಬಿದ್ದದ್ದು ಸೀಸಕ್ಕೆ ಎಷ್ಟು ತೊಡಕು, ಉತ್ತರ ದಡದಿಂದ ಬರುವ ಧಾನ್ಯಕ್ಕೆ ಎಷ್ಟು? ಕುಳಿತು ಯೋಚಿಸಿ.

ಆ ಕುದುರೆಗಳ ಬಾಯಿಗೆ ಕುಕ್ಕೆ ಕಟ್ಟುತ್ತಿದ್ದರು. ಸೀಸದ ಪುಡಿ ಬಿದ್ದ ದಾರಿಬದಿಯ ಹುಲ್ಲು ತಿಂದರೆ ವಿಷ. ನಮ್ಮ ಐತಿಹಾಸಿಕ ಕಾದಂಬರಿಗಳಲ್ಲಿ ಕುದುರೆ ಕೆನೆಯುತ್ತದೆ, ನಾಗಾಲೋಟದಲ್ಲಿ ಓಡುತ್ತದೆ, ಅದಕ್ಕೆ ಹುರುಳಿ ಯಾರು ಬೇಯಿಸಿದರು, ಯಾರ ದುಡ್ಡಿನಲ್ಲಿ ಎಂದು ಯಾರೂ ಬರೆಯುವುದಿಲ್ಲ. ‘ಕಾಲದ ವಾತಾವರಣ ದಟ್ಟವಾಗಿ ಮೂಡಿದೆ’ ಎಂದು ವಿಮರ್ಶಕರು ಬರೆದುಬಿಡುತ್ತಾರೆ. ನಿಮ್ಮ ಹಸ್ತಪ್ರತಿ ಓದಿದವರೊಬ್ಬರು ಆಗಲೇ ಹಾಗೆ ಹೊಗಳಿದ್ದಾರೆಂದು ಚೀಟಿಯಲ್ಲಿ ಬರೆದಿದ್ದೀರಿ. ಆ ಮಾತನ್ನು ನಂಬಬೇಡಿ. ಲೆಕ್ಕ ಗೊತ್ತಿಲ್ಲದ ಲೇಖಕರಿಗೆ ಸಲ್ಲುವ ಹೊಗಳಿಕೆ ಅದು.

ಹವಾಮಾನ ಬರೆಯಬೇಡಿ ಎನ್ನುತ್ತಿಲ್ಲ. ಅಲ್ಲಿಯ ವ್ಯವಹಾರದ ಪತ್ರದಲ್ಲಿ ಹವಾಮಾನ ಎಂದರೆ ನೀರು. ಹೆಪ್ಪುಗಟ್ಟಿದರೆ ಚಕ್ರ ನಿಂತಿತು, ತೊಳೆತ ನಿಂತಿತು. ಬರ ಬಂದರೂ ಅಷ್ಟೇ. ಚಳಿಗಾಲದಲ್ಲಿ ಅಗೆದದ್ದು ಗೂಡಿನಲ್ಲೇ ರಾಶಿ ಬಿದ್ದು ವಸಂತಕ್ಕೆ ಕಾಯುತ್ತದೆ, ತೂಕವಾಗದೆ ದುಡ್ಡಾಗದು, ಮುಂಗಡ ಮಾತ್ರ ಏರುತ್ತದೆ. ನಿಮ್ಮ ಮುನ್ನುಡಿಯ ಪತ್ರಕ್ಕೆ ‘1740 ಫೆಬ್ರವರಿ’ ಎಂದು ಹಾಕಿದ್ದೀರಿ. ಎಂಥ ಒಳ್ಳೆಯ ಚಳಿಗಾಲ ಕೈಗೆ ಸಿಕ್ಕಿದೆ ಎಂದು ನಿಮಗೇ ಗೊತ್ತಿದ್ದಂತಿಲ್ಲ! ಅದು ಘೋರ ಹಿಮದ ವರ್ಷ. ಧಾನ್ಯದ ಬೆಲೆ ಏರಿ, ಜೂನ್ 26ರಂದು ನ್ಯೂಕ್ಯಾಸಲ್‌ನ ಪುರಭವನವಾದ ಗಿಲ್ಡ್‌ಹಾಲ್‌ಗೆ ಜನ ನುಗ್ಗಿದರು. ಆದರೆ ಪತ್ರದ ತಲೆಗೆ ನಿಮ್ಮ ಗುಮಾಸ್ತ 1739 ಎಂದೋ, 1739/40 ಎಂದೋ ಬರೆಯುತ್ತಿದ್ದ. 1752ಕ್ಕೆ ಮೊದಲು ಅಲ್ಲಿ ಹೊಸ ವರ್ಷ ಹುಟ್ಟುತ್ತಿದ್ದದ್ದು ಮಾರ್ಚ್ 25ಕ್ಕೆ.

ಸೀಸದ ಪೇಟೆ ಬಿದ್ದರೆ ಏನಾಗುತ್ತದೆ ಎಂಬುದನ್ನು ನೀವು ಮುಟ್ಟಿಲ್ಲ. ಹಿಡಿದ ಗುತ್ತಿಗೆಯ ದರ ಹಿಡಿದಂತೆಯೇ, ಆ ಮೂರು ತಿಂಗಳ ನಷ್ಟ ಧಣಿಯದು. ಮುಂದಿನ ಗುತ್ತಿಗೆಯ ದಿನ ಅದನ್ನು ಗಣಿಯವರ ಖಾತೆಗೆ ದಾಟಿಸುವುದು ಪಾರುಪತ್ತೇಗಾರನ ಕೆಲಸ. ಧಣಿ ಬ್ಲ್ಯಾಕೆಟ್ 1734ರಿಂದ ನ್ಯೂಕ್ಯಾಸಲ್‌ನ ಪಾರ್ಲಿಮೆಂಟ್ ಸದಸ್ಯ. ಅವನಿಗೆ ದುಡ್ಡೂ ಬೇಕು, ಕಣಿವೆಯಲ್ಲಿ ಗಲಾಟೆಯೂ ಆಗಬಾರದು. ಎರಡನ್ನೂ ಒಂದೇ ಪತ್ರದಲ್ಲಿ ಕೇಳುತ್ತಾನೆ. ನಿಮ್ಮ ನಾಯಕನ ಉತ್ತರ ಹೇಗಿರುತ್ತದೆ? ಅದನ್ನು ಬರೆದು ನೋಡಿ, ಮೊದಲು ಅವನ ಪತ್ರದ ಪುಸ್ತಕಕ್ಕೆ ನಕಲು ಮಾಡಿಸಿದಂತೆ, ವಿಧೇಯತೆಯಿಂದ, ಅಂಕಿಗಳೊಂದಿಗೆ.

ನಾಲ್ಕನೇ ಅಧ್ಯಾಯವನ್ನು ಗುತ್ತಿಗೆಯ ದಿನವನ್ನಾಗಿ ತಿದ್ದಿ ಕಳಿಸಿ. ಭಾವಮೈದುನನ ಪಾಲುದಾರಿಕೆಯ ಒಂದು ವರ್ಷದ ಜಮಾಖರ್ಚನ್ನು ಬೇರೆ ಹಾಳೆಯಲ್ಲಿ ಬರೆದು ಜೊತೆಗಿಡಿ. ಅದು ಕಾದಂಬರಿಯೊಳಗೆ ಬರಬೇಕಾಗಿಲ್ಲ, ನಾನು ಕೂಡಿ ನೋಡುತ್ತೇನೆ. ತಾಳೆಯಾಗದಿದ್ದರೆ ಅಧ್ಯಾಯ ಓದುವುದಿಲ್ಲ.

ಇಂತಿ,
ನಿಮ್ಮ ಹಿತೈಷಿ